ಹೂಂ ಎಂದವನ ಹೊಳೆದಾರಿ

ಸೈಕಲ್ ಚಕ್ರಗಳ ಬೆಂಡು ತೆಗೆಯುತ್ತಿದ್ದ ನನ್ನ ಗೆಳೆಯ ಕಳೆದ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಅವನಿಗೆ ಐವತ್ತೆಂಟು ವರ್ಷ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಗಲೇ ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಲಾರಿ ಹೊಡೆದು ಸತ್ತ ಎಂದು ಊರಲ್ಲಿ ಕೆಲವರು ಹೇಳುತ್ತಿದ್ದಾರಂತೆ. ಅದು ಸುಳ್ಳು. ಲಾರಿ ಅವನನ್ನು ಮುಟ್ಟಿಯೂ ಇಲ್ಲ.

ನಾನು ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುವವನು. ಬೇರೆಯವರು ಬರೆದದ್ದನ್ನು ಜೋಡಿಸಿಡುವುದು ನನ್ನ ಕಸುಬು, ಬರೆಯುವುದಲ್ಲ. ಆದರೆ ಅವನ ಬಗ್ಗೆ ಎರಡು ಸುಳ್ಳುಗಳು ಓಡಾಡುತ್ತಿವೆ. ಒಂದು ಲಾರಿಯದು. ಇನ್ನೊಂದು, ಅವನು ಹೊಳೆದಾರಿಯನ್ನು ಮಾರಿಕೊಂಡ ಎಂಬುದು. ಎರಡನೆಯದು ಸುಳ್ಳೆಂದು ಗೊತ್ತಿರುವವರು ಇಬ್ಬರೇ, ಅವನ ಹೆಂಡತಿ ಮತ್ತು ನಾನು. ಇದನ್ನು ಬರೆದರೆ ಅವನು ಜೀವಮಾನವೆಲ್ಲ ಕಾಪಾಡಿಕೊಂಡ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಅವನ ಹೆಂಡತಿಯನ್ನು, ನಾನು ಅತ್ತಿಗೆ ಎಂದು ಕರೆಯುವವರನ್ನು, ಕೇಳಿದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸೂಜಿಯಲ್ಲಿ ದಾರವಿರಲಿಲ್ಲ.

“ಬರೀರಿ,” ಅಂದರು. “ಆ ಗುಟ್ಟು ಕಾದು ನಾವು ಮೂರೂ ಜನ ಏನು ಕಟ್ಕೊಂಡ್ವಿ?”

ಊರು ಅವನನ್ನು ಹೂಂಕಾರ ಎಂದು ಕರೆಯುತ್ತಿತ್ತು. ಹೂಂಕಾರವೆಂದರೆ ಗೂಳಿಯದಾಗಿರಬೇಕು, ಇಲ್ಲವೇ ಸಿಟ್ಟಿಗೆದ್ದ ದೊಡ್ಡವರದು. ಇವನದು ಹಾಗಲ್ಲ. ಯಾರು ಏನೇ ಹೇಳಲಿ, ತಲೆಯನ್ನು ಒಂದಿಷ್ಟು ವಾಲಿಸಿ ಬಲಗಿವಿಯನ್ನು ಮುಂದೆ ಮಾಡಿ, ಮೆತ್ತಗೆ ಹೂಂ ಅನ್ನುತ್ತಿದ್ದ. ಚಕ್ರ ಶನಿವಾರಕ್ಕೆ ಬೇಕು ಅಂದರೆ ಹೂಂ. ಶುಕ್ರವಾರವೇ ಕೊಡ್ತೀಯಾ ಅಂದರೂ ಹೂಂ. ಪಕ್ಕದ ಕ್ಷೌರದಂಗಡಿಯವನು ಗಿರಾಕಿಗಳಿಗೆ ಹೇಳಿ ನಗುತ್ತಿದ್ದ: “ನಿನ್ನ ಸಾವಿಗೆ ನಾನು ಬರಲ್ಲ ಕಣೋ ಅಂದೆ, ಅದಕ್ಕೂ ಹೂಂ ಅಂದ. ಇಂಥ ಒಳ್ಳೇ ಮನುಷ್ಯ ಎಲ್ಲಿ ಸಿಗ್ತಾನೆ?” ಕ್ಷೌರದಂಗಡಿಯವನು ಬಂದ. ಬುಧವಾರ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋದವನು ಅವನೇ.

ಗೆಳೆಯನ ಅಂಗಡಿ ಹತ್ತಡಿ ಅಗಲ. ಗೋಡೆಯ ತುಂಬ ಮೊಳೆ, ಮೊಳೆಗೊಂದು ರಿಮ್ಮು. ಚಕ್ರದ ಕಡ್ಡಿಗಳು ಉದ್ದದ ಪ್ರಕಾರ ಖಾಲಿ ಬಣ್ಣದ ಡಬ್ಬಗಳಲ್ಲಿ ನಿಂತಿರುತ್ತಿದ್ದವು. ಮೂಲೆಯಲ್ಲಿ ಪಂಕ್ಚರ್ ನೋಡುವ ನೀರಿನ ಬೋಗುಣಿ. ಪಂಕ್ಚರ್ ಎಲ್ಲರೂ ಹಾಕುತ್ತಾರೆ. ಇವನ ಹೆಸರು ಇದ್ದದ್ದು ಸೊಟ್ಟಗಾದ ಚಕ್ರವನ್ನು ನೆಟ್ಟಗೆ ಮಾಡುವುದರಲ್ಲಿ. “ಈ ಊರಲ್ಲಿ ಎಲ್ಲರ ಬೆಂಡೆತ್ತೋನು ನಾನೊಬ್ಬನೇ,” ಎಂದು ಹೇಳಿಕೊಳ್ಳುತ್ತಿದ್ದ. ಇರುವೆಗೂ ಕೈಯೆತ್ತದವನ ಬಾಯಲ್ಲಿ ಆ ಮಾತು ಕೇಳಿ ಹೊಸಬರೂ ನಗುತ್ತಿದ್ದರು.

ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ, ಮೆಲ್ಲಗೆ ತಿರುಗಿಸಿ, ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟುತ್ತಿದ್ದ. ಒಳ್ಳೆಯ ಚಕ್ರದಲ್ಲಿ ಒಂದು ಪಕ್ಕದ ಕಡ್ಡಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡಬೇಕಂತೆ. ಸಡಿಲವಾದದ್ದರ ದನಿ ಇಳಿಯುತ್ತದೆ, ಬಿಗಿಯಾದದ್ದರದು ಏರುತ್ತದೆ. ದನಿ ಕೇಳಿ ಸಣ್ಣ ಕೀಲಿಯನ್ನು ಕಾಲು ಸುತ್ತು ತಿರುಗಿಸುವುದು, ಮತ್ತೆ ಮೀಟುವುದು. ಅವನ ಕಿವಿ ಅಂಥದು ಎಂದು ದೂರದ ಊರುಗಳಿಂದ ಪಂದ್ಯದ ಸೈಕಲ್‌ನವರು ಚಕ್ರ ಕಳಿಸುತ್ತಿದ್ದರು.

ಸುಮಾರು ಹತ್ತು ವರ್ಷದ ಹಿಂದೆ ಅವನೊಂದು ಹೊಸ ಪದ್ಧತಿ ಶುರುಮಾಡಿದ. ಪೆನ್ಸಿಲ್ಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಕಡ್ಡಿಗೆ ತಾಗಿಸಿ ಮೀಟುವುದು. ಯಾಕೆ ಎಂದರೆ, ಹಳೇ ಮೇಸ್ತ್ರಿಗಳೆಲ್ಲ ಹೀಗೇ ಮಾಡುತ್ತಿದ್ದದ್ದು ಎಂದ. ಗಿರಾಕಿಗಳಿಗೆ ಅವನ ಮೇಲಿದ್ದ ಗೌರವ ಇನ್ನೂ ಹೆಚ್ಚಾಯಿತು. ನನಗೂ ಹೆಚ್ಚಾಯಿತು. ಎಷ್ಟೊಂದು ಪುಸ್ತಕಗಳ ನಡುವೆ ಕೂತಿರುವ ನಾನು, ಕಿವಿ ಕೈಕೊಟ್ಟವನು ಹಲ್ಲಿನ ಮೂಲಕ ಕೇಳಬಹುದು ಎಂದು ಯೋಚಿಸಲೇ ಇಲ್ಲ.

ನಮ್ಮ ಸ್ನೇಹ ಶುರುವಾದದ್ದು ಲೈಬ್ರರಿಯಲ್ಲಿ, ಹತ್ತೊಂಬತ್ತು ವರ್ಷದ ಹಿಂದೆ. ಸಂಜೆ ಅಂಗಡಿ ಮುಚ್ಚಿ ಬಂದು ಪ್ರವಾಸದ ಪುಸ್ತಕಗಳನ್ನು ಓದುತ್ತಿದ್ದ. ಅಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ, ಹತ್ತಿರ ಬಾಗುತ್ತಾರೆ, ಬೇಕಾದದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಅವನಿಗೆ ಆ ಜಾಗ ಯಾಕೆ ಅಷ್ಟು ಹಿಡಿಸಿತ್ತು ಎಂದು ಈಗ ಗೊತ್ತಾಗುತ್ತದೆ.

ಹೊಳೆದಾರಿಯ ವಿಷಯಕ್ಕೆ ಬರುತ್ತೇನೆ. ಹನ್ನೆರಡು ವರ್ಷದ ಹಿಂದೆ ಆಚೆ ದಡದ ಗುಡ್ಡ ಕಡಿದು ದೊಡ್ಡ ರಸ್ತೆ ಮಾಡಿದರು. ಅದೇ ವರ್ಷದ ಮಳೆಗೆ ಈಚೆ ದಡದ ಹಳೇ ರಸ್ತೆ ಏಳನೇ ಕಿಲೋಮೀಟರ್ ಕಲ್ಲಿನ ಹತ್ತಿರ ಅರ್ಧಕ್ಕರ್ಧ ಕುಸಿದು ಹೊಳೆಗೆ ಬಿತ್ತು. ರಿಪೇರಿ ಮಾಡುವ ಬದಲು ಇಲಾಖೆಯವರು ರಸ್ತೆಯ ಬಾಯಿಗೆ ಮೂರು ಕಾಂಕ್ರೀಟ್ ದಿಮ್ಮಿಗಳನ್ನಿಟ್ಟು ಹೋದರು. ದಿಮ್ಮಿಗಳ ನಡುವೆ ಸೈಕಲ್ಲಿನ ಹ್ಯಾಂಡಲ್ ತೂರುವಷ್ಟೇ ಜಾಗ. ಅಲ್ಲಿಂದ ಮುಂದೆ, ನೀರನ್ನು ಕಟ್ಟಿಹಾಕಿರುವ ಒಡ್ಡಿನವರೆಗೆ, ಹದಿನೆಂಟು ಕಿಲೋಮೀಟರ್ ಒಂದೂ ಮೋಟಾರು ಇಲ್ಲ.

ಭಾನುವಾರ ಬೆಳಗ್ಗೆ ನಾವಿಬ್ಬರೂ ಹೊರಡುತ್ತಿದ್ದೆವು. ಎಡಕ್ಕೆ ಹೊಳೆ, ಬಲಕ್ಕೆ ಹುಲ್ಲುಗಾವಲು. ಮೂರನೇ ಕಲ್ಲಿನವರೆಗೆ ಮಂಜು ನೀರಿನ ಮೇಲೆಯೇ ಕೂತಿರುತ್ತಿತ್ತು, ರಸ್ತೆಗೆ ಹತ್ತಿ ಬರುತ್ತಿರಲಿಲ್ಲ. ಐದನೇ ಕಲ್ಲಿನ ಹತ್ತಿರ ಬಾಗಿಲು ಕಿತ್ತುಹೋದ ಪಂಪ್‌ಹೌಸ್. ಡಾಂಬರಿನ ಬಿರುಕುಗಳಲ್ಲಿ ಹುಲ್ಲು ಬೆಳೆದು, ರಸ್ತೆಯ ನಡುವಿನ ಗೆರೆ ಹಸುರಾಗಿತ್ತು. ಜೊಂಡಿನ ಮೇಲಿನ ಮಿಂಚುಳ್ಳಿ ನಮಗೆ ಹೆದರುವುದನ್ನೇ ಬಿಟ್ಟಿತ್ತು. ವಾಹನವಿಲ್ಲದ ರಸ್ತೆಯ ದೊಡ್ಡ ಸುಖ ಏನೆಂದರೆ, ಇಬ್ಬರು ಜೋಡಿಯಾಗಿ ತುಳಿಯಬಹುದು. ಬೇರೆ ಯಾವ ರಸ್ತೆಯಲ್ಲೂ ಸೈಕಲ್‌ನವರು ಒಬ್ಬರ ಬೆನ್ನು ಇನ್ನೊಬ್ಬರು ನೋಡುತ್ತ ಹೋಗಬೇಕು. ಇಲ್ಲಿ ಅವನು ಎಡಕ್ಕೆ, ನಾನು ಅವನ ಬಲಕ್ಕೆ. ಒಂದು ಸಲವೂ ಪಕ್ಕ ಬದಲಾಗಲಿಲ್ಲ. ಮಾತಾಡುವಾಗ ಅವನು ಮುಖ ತಿರುಗಿಸಿ ನನ್ನನ್ನೇ ನೋಡುತ್ತಿದ್ದ, ಸೈಕಲ್ಲು ಮಾತ್ರ ದಾರ ಹಿಡಿದಂತೆ ನೇರ ಹೋಗುತ್ತಿತ್ತು. ಮುಖ ನೋಡಿ ಮಾತಾಡುವ ಮರ್ಯಾದಸ್ಥ ಎಂದುಕೊಂಡಿದ್ದೆ.

ಒಡ್ಡಿನ ಹತ್ತಿರ ಅವನ ಮುಖ ಅರಳುತ್ತಿತ್ತು. ಅಲ್ಲಿ ನೀರು ಬೀಳುವ ಸದ್ದಿಗೆ ಪಕ್ಕದವನ ಮಾತೂ ಕೇಳುವುದಿಲ್ಲ. ಬಾಗಿಲು ಏರಿಸಿ ಇಳಿಸುವ ಒಡ್ಡಿನ ಕಾವಲುಗಾರ ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದ: ಚಹಾ ಇದೆ, ಕೂತ್ಕೊಳ್ಳಿ, ನಿನ್ನೆ ಎರಡು ಅಡಿ ನೀರು ಏರಿತ್ತು. ಗೆಳೆಯ ಅವನೊಡನೆ ಕೈಬಾಯಿ ಆಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ವಾಪಸ್ ಬರುವಾಗ ಒಮ್ಮೆ, “ಅಲ್ಲಿ ಎಲ್ಲರೂ ಒಂದೇ ಕಣೋ,” ಅಂದ. ಏನೋ ವೇದಾಂತ ಹೇಳುತ್ತಿದ್ದಾನೆ ಎಂದುಕೊಂಡು ತಲೆಯಾಡಿಸಿದ್ದೆ.

ನನಗೆ ಗೊತ್ತಾದದ್ದು ಆರು ವರ್ಷದ ಹಿಂದೆ. ಏಳನೇ ಕಲ್ಲಿನ ಹತ್ತಿರ, ರಸ್ತೆ ಕುಸಿದು ಕಿರಿದಾದ ಜಾಗದಲ್ಲಿ, ಅವನು ಮುಂದೆ ನಾನು ಹಿಂದೆ ಸಾಗಬೇಕಿತ್ತು. ಅವನು ಅವನಪ್ಪನ ಕತೆ ಹೇಳುತ್ತಿದ್ದ. ಅಷ್ಟರಲ್ಲಿ ನನ್ನ ಸೈಕಲ್ಲಿನ ಚೈನು ಕಡಿದುಹೋಯಿತು. ಕೂಗಿದೆ. ಅವನು ನಿಲ್ಲಲಿಲ್ಲ. ಬೆಲ್ ಹೊಡೆದೆ, ಎರಡು ಕೈ ಬಾಯಿಗಿಟ್ಟು ಅರಚಿದೆ. ಅವನ ಬಲಗೈ ಮಾತ್ರ ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಆಡುತ್ತಿತ್ತು, ಕತೆ ಹೇಳುವವರ ಕೈ ಆಡುವ ಹಾಗೆ. ಹಾಗೇ ತಿರುವಿನಲ್ಲಿ ಮರೆಯಾದ.

ಮುಕ್ಕಾಲು ಗಂಟೆಯ ಮೇಲೆ ವಾಪಸ್ ಬಂದ. ಮುಖ ಸಪ್ಪಗಿತ್ತು. “ಅಷ್ಟು ದೂರ ನಾನೊಬ್ಬನೇ ಮಾತಾಡ್ತಾ ಹೋಗಿದೀನಿ. ಮೊದಲೇ ಹೇಳಬಾರದಾ?” ಅಂದ. ಆಮೇಲೆ ನೆಲಕ್ಕೆ ಕುಕ್ಕರಿಸಿ, ನನಗೆ ಬೆನ್ನು ಮಾಡಿ, ಚೈನು ಜೋಡಿಸತೊಡಗಿದ. ನಾನು ಕಿಲೋಮೀಟರ್ ಕಲ್ಲಿನ ಮೇಲೆ ಕೂತಿದ್ದೆ. ಏನೋ ಅನುಮಾನ ಎದ್ದಿತ್ತು. ಎಂದಿನ ದನಿಯಲ್ಲಿ ಅವನ ಬೆನ್ನಿಗೆ ಹೇಳಿದೆ, “ನಿನ್ನ ಅಂಗಡಿಗೆ ಬೆಂಕಿ ಬಿದ್ದಿದೆಯಂತೆ.”

ಏನೋ ದನಿಯ ನೆರಳು ತಾಗಿರಬೇಕು. ಕೆಲಸ ನಿಲ್ಲಿಸದೆ, “ಹೂಂ,” ಅಂದ.

ಚೈನು ಕೂಡಿಸಿ ಎದ್ದು, ಕೈ ಒರೆಸಿಕೊಂಡು, ನನ್ನೆದುರು ನಿಂತು, ನಾನು ಕೇಳಿಸಿಕೊಳ್ಳದೇ ಹೋದ ಕತೆಯನ್ನು ಮತ್ತೆ ಮೊದಲಿಂದ ಹೇಳಿದ. ಅವನಪ್ಪ ನೇಯ್ಗೆ ಮಿಲ್ಲಿನಲ್ಲಿದ್ದವರು. ಮಗ್ಗಗಳ ಸದ್ದಿಗೆ ನಲವತ್ತು ವರ್ಷಕ್ಕೇ ಕಿವಿ ಹೋಗಿತ್ತು. ಬೀದಿಯವರಿಗೆ ಅವರು ಬರೀ ಕಿವುಡ. ಮನೆಗೆ ಕಿವುಡನ ಮನೆ ಎಂದು ಹೆಸರು, ಇವನು ಕಿವುಡನ ಮಗ. ಮಕ್ಕಳು ಅವರೆದುರು ನಿಂತು ದನಿಯಿಲ್ಲದೆ ಬರೀ ತುಟಿ ಆಡಿಸುತ್ತಿದ್ದರು. ಅವರು ಪಾಪ ಏನೋ ಕೇಳುತ್ತಿದ್ದಾರೆ ಎಂದುಕೊಂಡು, ಗಂಟೆ ಎಷ್ಟು ಎಂದೋ ದಾರಿ ಯಾವುದೆಂದೋ ಊಹಿಸಿ ಉತ್ತರ ಕೊಡುತ್ತಿದ್ದರು. ಆಗ ಎಲ್ಲರೂ ನಗುತ್ತಿದ್ದರು.

“ಒಂದಿನ ನಾನೂ ನಕ್ಕೆ,” ಅಂದ. “ಅವರ ಜೊತೆ ಸೇರ್ಕೊಂಡು. ಅಪ್ಪನಿಗೆ ನಗು ಕೇಳಿಸ್ತಿರಲಿಲ್ಲ. ಕಾಣಿಸ್ತಿತ್ತು.”

ಅಷ್ಟೇ. ತನ್ನ ಕಿವಿಯ ಬಗ್ಗೆ ಒಂದಕ್ಷರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದಿರುವುದೇ ಸ್ನೇಹ ಎಂದು ಆಗ ಅನ್ನಿಸಿತ್ತು. ನಮ್ಮಲ್ಲಿ ಜಾಣಗಿವುಡು ಎಂಬ ಮಾತಿದೆ, ಕೇಳಿಸಿದರೂ ಕೇಳಿಸದಂತೆ ಇರುವವರಿಗೆ. ಕೇಳಿಸದೆಯೇ ಕೇಳಿಸಿದಂತೆ ಬದುಕುವವನಿಗೆ ಏನನ್ನಬೇಕು? ಲೈಬ್ರರಿಯ ನಿಘಂಟುಗಳಲ್ಲಿ ಹುಡುಕಿದ್ದೇನೆ. ಪದವಿಲ್ಲ.

ಆ ವಾರವೇ ನಾನು ಮೀಸೆ ಬೋಳಿಸಿದೆ. ತುಟಿಯ ಮೇಲಿನ ಕೂದಲು ಅವನಿಗೆ ಅಡ್ಡಿಯಾಗುತ್ತಿರಬೇಕು ಎಂದು ಹೊಳೆದಿತ್ತು. ಮುಂದಿನ ಭಾನುವಾರ ದಿಮ್ಮಿಗಳ ಹತ್ತಿರ ನನ್ನನ್ನು ನೋಡಿ ಸೈಕಲ್ಲಿನಿಂದ ಇಳಿದ. “ಮೀಸೆ ಯಾಕೆ ತೆಗೆದೆ?” ಅಂದ. ಸೆಖೆ ಎಂದೆ. ಅವತ್ತು ಚಳಿಗೆ ಇಬ್ಬರ ಬಾಯಿಂದಲೂ ಹಬೆ ಬರುತ್ತಿತ್ತು. “ಹೂಂ,” ಅಂದ. ನನಗೆ ಗೊತ್ತಿರುವುದು ಅವನಿಗೆ ಗೊತ್ತಾಯಿತೆಂದು ಈಗಲೂ ನನ್ನ ನಂಬಿಕೆ. ಆಮೇಲೂ ಇಬ್ಬರೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಲೈಬ್ರರಿಯ ನೋಟಿಸ್ ಬೋರ್ಡಿಗೆ ಇಲಾಖೆಯ ಕಾಗದವೊಂದು ಬಂತು. ಒಡ್ಡಿನ ಮೇಲ್ಗಡೆಯ ಕಲ್ಲುಗಣಿಯ ಲಾರಿಗಳಿಗಾಗಿ ಹಳೇ ರಸ್ತೆಯನ್ನು ರಿಪೇರಿ ಮಾಡಿ ತೆರೆಯುತ್ತಾರೆ, ಆಕ್ಷೇಪಣೆ ಇದ್ದವರು ಇಂಥ ದಿನ ಪುರಸಭೆಯ ಸಭಾಂಗಣಕ್ಕೆ ಬರತಕ್ಕದ್ದು. ಅದನ್ನು ಅಂಟಿಸಿದವನು ನಾನೇ. ಅವನು ಬಂದು ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದ. ಎಲ್ಲ ಬಿಟ್ಟರೂ ಅವನು ಅದೊಂದು ದಾರಿಯನ್ನು ಬಿಡುವಂತಿರಲಿಲ್ಲ. ಹಿಂದಿನಿಂದ ಬರುವುದು ಕೇಳದವನು ಸೈಕಲ್ ತುಳಿಯಬಹುದಾದ ಜಾಗ ಅದೊಂದೇ. ಗೆಳೆಯನ ಮುಖ ನೋಡುತ್ತ ಮಾತಾಡಬಹುದಾದ ಜಾಗವೂ ಅದೊಂದೇ.

ಅರ್ಜಿ ಬರೆದ. ನಾನು ಕಾಗುಣಿತ ತಿದ್ದಿದೆ. ಸೈಕಲ್‌ನವರದು, ಹೊಳೆ ಬದಿಯ ಹೊಲದವರದು, ಒಡ್ಡಿನ ಕಾವಲುಗಾರನದು ಸೇರಿ ಮೂವತ್ತೊಂದು ಸಹಿ ಬಿತ್ತು. ಸಭೆಯಲ್ಲಿ ನಾನು ಓದುತ್ತೇನೆ ಎಂದೆ. ಬೇಡ, ಅರ್ಜಿ ನಂದು, ನಾನೇ ಮಾತಾಡುತ್ತೇನೆ ಎಂದ. ಮಾತಾಡುವುದರಲ್ಲಿ ಅವನಿಗೆ ತೊಂದರೆಯಿರಲಿಲ್ಲ ತಾನೇ. ಒಂದು ಪುಟದ ಭಾಷಣ ಬರೆದು ಬಾಯಿಪಾಠ ಮಾಡಿದ. ಎರಡು ಭಾನುವಾರ ನನ್ನ ಪಕ್ಕದಲ್ಲಿ ತುಳಿಯುತ್ತ ಒಪ್ಪಿಸಿದ. ಒಳ್ಳೆಯ ಭಾಷಣ. ಮಂಜಿನ ಬಗ್ಗೆ ಒಂದು ಸಾಲಿತ್ತು. ಅದು ಅಧಿಕಾರಿಗಳಿಗೆ ಬೇಡ, ತೆಗೆದುಬಿಡು ಎಂದಿದ್ದೆ. ಅವನು ತೆಗೆಯಲಿಲ್ಲ.

ಸಭೆಯಲ್ಲಿ ಇನ್ನೂರು ಜನರಿದ್ದರು. ಅರ್ಜಿ ಕೊಟ್ಟವರಿಗೆ ಮುಂದಿನ ಸಾಲು, ಉಳಿದವರಿಗೆ ಹಿಂದೆ. ನಾನೂ ಕಾವಲುಗಾರನೂ ಮೂರು ಸಾಲು ಹಿಂದೆ ಕೂತೆವು. ವೇದಿಕೆಯ ಮೇಲೆ ರಸ್ತೆ ಇಲಾಖೆಯ ಇಂಜಿನಿಯರು. ಅವರು ಮೈಕನ್ನು ಕೈಯಲ್ಲಿ ಹಿಡಿದು, ತುಟಿಗೆ ತಾಗಿಸಿಕೊಂಡು ಮಾತಾಡುವವರು. ಅವರ ಬಾಯಿ ಪೂರ್ತಿ ಮೈಕಿನ ಹಿಂದೆ ಮುಚ್ಚಿಹೋಗಿತ್ತು. ದನಿ ನಾಲ್ಕು ಗೋಡೆಗೆ ಬಡಿದು ನಮಗೇ ಗೊಳಗೊಳ ಕೇಳುತ್ತಿತ್ತು. ಅವನಿಗೆ ಓದಲು ತುಟಿಯೇ ಇಲ್ಲ ಎಂದು ಆಗಲೇ ಹೊಳೆಯಿತು.

ಇಂಜಿನಿಯರು ಇವನ ಅರ್ಜಿ ಎತ್ತಿಕೊಂಡರು. ಭಾಷಣಕ್ಕೆ ಕರೆಯಲಿಲ್ಲ. ಕುಸಿದ ಜಾಗಕ್ಕೆ ತಡೆಗೋಡೆ ಕಟ್ಟುತ್ತೇವೆ, ಸೈಕಲ್‌ನವರಿಗಾಗಿ ಅಂಚಿನಲ್ಲಿ ಒಂದು ಬಿಳಿ ಗೆರೆ ಎಳೆದುಕೊಡುತ್ತೇವೆ ಎಂದರು. ಆಮೇಲೆ ಇವನ ಕಡೆ ನೋಡಿ, “ಹಾಗಾದ್ರೆ ನಿಮ್ಮ ಆಕ್ಷೇಪಣೆ ವಾಪಸ್ ತಗೋತೀರಾ?” ಎಂದು ಕೇಳಿದರು.

ಅವನು ಎದ್ದು ನಿಂತ. ತಲೆ ಒಂದಿಷ್ಟು ವಾಲಿಸಿ, “ಹೂಂ,” ಅಂದ.

ಇಂಜಿನಿಯರಿಗೇ ನಂಬಿಕೆ ಬರಲಿಲ್ಲ. “ಸರಿಯಾಗಿ ಹೇಳಿ. ಇದನ್ನ ಬರ್ಕೋತೀವಿ. ವಾಪಸ್ ತಾನೇ?”

“ಹೂಂ,” ಅಂದ, ಇನ್ನೂ ಗಟ್ಟಿಯಾಗಿ. ಅರ್ಜಿ ನಿಮ್ಮದೇ ತಾನೇ ಎಂದು ಕೇಳುತ್ತಿದ್ದಾರೆ ಎಂದುಕೊಂಡಿರಬೇಕು.

ಎದ್ದು ನಿಂತು, ಅವನಿಗೆ ಕೇಳಿಸಿಲ್ಲ, ಇನ್ನೊಮ್ಮೆ ಹೇಳಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಇನ್ನೂರು ಜನರ ಮುಂದೆ ಅವನ ಅಪ್ಪನ ಹೆಸರನ್ನು ಅವನ ಹಣೆಗೆ ಅಂಟಿಸಬೇಕಿತ್ತು. ದೂರದ ಊರಿನಿಂದ ಚಕ್ರ ಕಳಿಸುವವರು ಯಾರಾದರೂ ಅಲ್ಲಿದ್ದರೆ ಎಂದೂ ಯೋಚಿಸಿದೆ. ಯೋಚಿಸುತ್ತಿರುವಾಗಲೇ ಗುಮಾಸ್ತ ಬರೆದುಕೊಂಡ, ಇಂಜಿನಿಯರು ಮುಂದಿನ ಕಾಗದ ಎತ್ತಿದರು. ನಾನು ಕೂತೆ. ಮಾರನೆಯ ದಿನ ಕಾಗದ ಬರೆಯಬಹುದಿತ್ತು. ಬರೆದಿದ್ದರೆ ಕಾರಣವನ್ನೂ ಬರೆಯಬೇಕಿತ್ತು.

ಹೊರಗೆ ಮೆಟ್ಟಿಲ ಮೇಲೆ ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಭಾಷಣ ಜೇಬಿನಲ್ಲೇ ಇತ್ತು. “ಮುಗೀತಾ? ನಾನಿನ್ನೂ ಮಾತೇ ಆಡ್ಲಿಲ್ಲವಲ್ಲೋ,” ಅಂದ. ನಾನು ಬಾಯಿ ತೆರೆಯುವ ಮೊದಲೇ ಕಾವಲುಗಾರ ಅವನೆದುರು ಬಂದು ನಿಂತ. ಒಡ್ಡಿನ ಸದ್ದಿಗೆ ಒಗ್ಗಿದವನು, ಒಂದೊಂದು ಪದವನ್ನೂ ತುಟಿ ಅಗಲಿಸಿ ಹೇಳುವವನು.

“ಒಂದು ಬಿಳಿ ಗೆರೆಗೆ ಇಡೀ ದಾರಿ ಬಿಟ್ಟುಕೊಟ್ಟೆಯಲ್ಲ. ನಿಜ ಹೇಳು, ಎಷ್ಟಕ್ಕೆ ಹೂಂ ಅಂದೆ?”

ಅವನ ಮುಖದಲ್ಲಿ ಆಗ ಏನು ನಡೆಯಿತೆಂದು ನಾನು ಬರೆಯಲಾರೆ. ಒಂದೊಂದೇ ಪದ ಒಳಗಿಳಿಯುವುದು ಕಾಣುತ್ತಿತ್ತು. ನನಗೆ ಕೇಳಿಸಲಿಲ್ಲಪ್ಪ ಎಂದು ಅವನು ಹೇಳಿದ್ದರೆ ಅಲ್ಲೇ ಒಳಗೆ ಹೋಗಿ ಸರಿ ಮಾಡಿಸಬಹುದಿತ್ತು. ಇಂಜಿನಿಯರು ಇನ್ನೂ ಎದ್ದಿರಲಿಲ್ಲ.

“ಗೆರೆ ಸಾಕು ಅನ್ನಿಸ್ತು,” ಅಂದ.

ಮಾರಿಕೊಂಡವ ಅನ್ನಿಸಿಕೊಂಡರೂ ಸರಿ, ಕಿವುಡ ಅನ್ನಿಸಿಕೊಳ್ಳಲಾರೆ ಎಂದು ಅವನು ತೀರ್ಮಾನಿಸಿದ್ದು ಆ ಮೆಟ್ಟಿಲ ಮೇಲೆ. ಕಾವಲುಗಾರ ಕೈ ಝಾಡಿಸಿ ಹೋದ. ನಾವಿಬ್ಬರೂ ಸೈಕಲ್ ತಳ್ಳಿಕೊಂಡು ನಡೆದೆವು. ಲೈಬ್ರರಿಯ ತಿರುವಿನಲ್ಲಿ ನಿಂತು, ನನ್ನ ಮುಖ ನೋಡಿ, “ನೀನು ಹಿಂದೇನೇ ಕೂತಿದ್ದೆ ಅಲ್ವಾ?” ಎಂದು ಕೇಳಿದ.

“ಹೂಂ,” ಅಂದೆ.

ಸಹಿ ಹಾಕಿದವರು ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಹಳೇ ಹೆಸರೇ ಈಗ ಬೈಗುಳವಾಯಿತು. ಹೂಂಕಾರ ಎಂದು ಕೂಗಿ, ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸುತ್ತಿದ್ದರು. ಕ್ಷೌರದಂಗಡಿಯವನು ಮಾತ್ರ ತನ್ನ ಸರಿಯಿರುವ ಸೈಕಲ್ಲನ್ನೇ ತಿಂಗಳಿಗೊಮ್ಮೆ ಬೆಂಡು ತೆಗೆಸಿದ.

ಎಂಟು ತಿಂಗಳ ಹಿಂದೆ ದಿಮ್ಮಿಗಳನ್ನು ಎತ್ತಿದರು. ಬಿಳಿ ಗೆರೆಯನ್ನೂ ಎಳೆದರು. ಒಂದೇ ತಿಂಗಳಲ್ಲಿ ಅದು ಲಾರಿಗಳ ಕಲ್ಲುಪುಡಿಯ ಕೆಳಗೆ ಮುಚ್ಚಿಹೋಯಿತು. ಹಾಗಿದ್ದರೂ ಒಂದು ಭಾನುವಾರ ಹೋಗೋಣ ಎಂದ. ಅವನು ಮುಂದೆ, ನಾನು ಹಿಂದೆ. ಹಿಂದೆ ಕಿವಿಯಾಗಿ ಇರುತ್ತೇನೆ ಎಂದು ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ನಾಲ್ಕನೇ ಕಲ್ಲು ದಾಟಿದ ಮೇಲೆ ಲಾರಿಯೊಂದು ಬಂತು. ನಾನು ಹುಲ್ಲಿಗಿಳಿದೆ. ಅವನು ಗುಂಡಿ ತಪ್ಪಿಸಲು ರಸ್ತೆಯ ನಡುವೆ ಬಂದಿದ್ದ. ಲಾರಿ ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ನಾನು ಅರಚಿದೆ. ಅವನ ಬಲಗೈ ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಆಡುತ್ತಿತ್ತು. ನನಗೆ ಏನೋ ಕತೆ ಹೇಳುತ್ತಿದ್ದ.

ಲಾರಿ ಅವನಿಂದ ಒಂದು ಮಾರು ಹಿಂದೆ ಕಿರುಚಿ ನಿಂತಿತು. ಡ್ರೈವರ್ ಇಳಿದು ಓಡಿ, ಹ್ಯಾಂಡಲ್ ಹಿಡಿದು ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು ಕೇಳಿದ: “ಕಿವುಡಾ ಏನಯ್ಯಾ ನೀನು?”

ಅವನು ಡ್ರೈವರನ ತುಟಿಯನ್ನೇ ನೋಡಿದ. “ಹೂಂ,” ಅಂದ.

ಡ್ರೈವರ್ ಹ್ಯಾಂಡಲ್ ಬಿಟ್ಟು ಹೋಗಿ ಗಾಡಿ ಹತ್ತಿದ. ಅದು ಅಭ್ಯಾಸದ ಹೂಂ ಆಗಿತ್ತೋ, ಉತ್ತರವೇ ಆಗಿತ್ತೋ ನನಗೆ ಗೊತ್ತಿಲ್ಲ. ಅಂದು ಸಂಜೆ ಅವನು ಸೈಕಲ್ಲನ್ನು ಅಂಗಡಿಯ ಸೂರಿಗೆ ಕೊಕ್ಕೆ ಹಾಕಿ ತೂಗುಬಿಟ್ಟ. ಆಮೇಲೆ ಅವನು ಲೈಬ್ರರಿಗೂ ಬರಲಿಲ್ಲ. ನಾನೇ ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಹೋಗಿ ಹತ್ತು ನಿಮಿಷ ಕೂತು ಬರುತ್ತಿದ್ದೆ. ಬಲಗಿವಿಯೂ ಪೂರ್ತಿ ಹೋದಂತಿತ್ತು. ನಾನು ಎಲ್ಲಿ ಕೂತರೂ ಈಗ ಒಂದೇ ಆಗಿತ್ತು. ಮೈ ಇಳಿದಿತ್ತು, ಅಂಗಿ ಬೇರೆಯವರದೆಂಬಂತೆ ತೂಗುತ್ತಿತ್ತು.

ಅತ್ತಿಗೆ ಹೇಳಿದ್ದನ್ನು ಇಲ್ಲಿ ಬರೆಯಬೇಕು. ಅವರಿಗೆ ಮೊದಲಿನಿಂದ ಗೊತ್ತಿತ್ತು. ಒಲ್ಲೆ ಅನ್ನಬಹುದಾದ ವಿಷಯವಿದ್ದರೆ ಮೊದಲೇ ಕಿವಿ ಹೋಗಿದ್ದ ಎಡಗಡೆ ನಿಂತು ಕೇಳುತ್ತಿದ್ದರಂತೆ. “ಈ ಹೊಲಿಗೆ ಯಂತ್ರ ತಗೊಂಡಿದ್ದೇ ಹಾಗೆ. ಎಡಗಡೆಯಿಂದ ಕೇಳಿದೆ, ಹೂಂ ಅಂದ್ರು,” ಎಂದು ನಕ್ಕರು. ನಗು ಅಲ್ಲೇ ನಿಂತಿತು. ಬುಧವಾರ ಅವನ ಅಂಗಿಯ ಜೇಬಿನಲ್ಲಿ ಅವರಿಗೆ ಆಸ್ಪತ್ರೆಯ ಚೀಟಿಯೊಂದು ಸಿಕ್ಕಿದೆ. ಅವನು ಹಿಂದಿನ ವಾರ ಯಾರಿಗೂ ಹೇಳದೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ದ. ಯಂತ್ರ ಹಾಕಿಸಿಕೊಳ್ಳಲು ಗುರುವಾರ ಹತ್ತು ಗಂಟೆಗೆ ಬರಬೇಕು ಎಂದು ಅದರಲ್ಲಿತ್ತು.

ಇನ್ನು ಮಂಗಳವಾರ. ಅವನ ಕೊನೆಯ ಮಾತಿಗೆ ನಾನು ಕೊಟ್ಟ ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ, ಅದು ಕೊನೆಯಲ್ಲಿ ಬರುವುದು ನನಗೆ ಬೇಡ. “ಏನಿಲ್ಲ ಬಿಡು, ಮಳೆ ಬರೋ ಹಾಗಿದೆ ಅಂದೆ,” ಎಂದೆ. ಹಾಗೆಂದು ಲೈಬ್ರರಿಗೆ ವಾಪಸ್ ಹೋದೆ. ಆಗ ಒಂದೂವರೆ. ಅವನು ಸ್ಟೂಲಿನ ಮೇಲೆಯೇ ಹೋಗಿರುವುದನ್ನು ಕ್ಷೌರದಂಗಡಿಯವನು ನೋಡಿದ್ದು ಎರಡು ಗಂಟೆಗೆ.

ಒಂದು ಗಂಟೆ ದಾಟಿದ ಮೇಲೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಸೂರಿನ ಕೊಕ್ಕೆ ಖಾಲಿಯಿತ್ತು. ಸೈಕಲ್ಲನ್ನು ಕೆಳಗಿಳಿಸಿ, ಒರೆಸಿ, ಗಾಳಿ ಹಾಕಿ, ಗೋಡೆಗೆ ಒರಗಿಸಿದ್ದ. ಹ್ಯಾಂಡಲಿಗೆ ಅಂಗೈಯಗಲದ ದುಂಡು ಕನ್ನಡಿಯೊಂದನ್ನು ಹೊಸದಾಗಿ ಬಿಗಿದಿದ್ದ. ಅವನು ನನಗೆ ಬೆನ್ನು ಮಾಡಿ, ಸ್ಟೂಲಿನ ಮೇಲೆ ಕೂತು, ಪೆನ್ಸಿಲ್ ಕಚ್ಚಿ, ಯಾರದೋ ಚಕ್ರದ 
ಕಡ್ಡಿಗಳನ್ನು ಮೀಟುತ್ತಿದ್ದ. ಅದರಲ್ಲೊಂದು ಕಡ್ಡಿಯ ದನಿ ಇಳಿದಿತ್ತು, ನನಗೇ ಕೇಳುವಷ್ಟು. ಅವನು ಅದನ್ನು ದಾಟಿ ಮುಂದಕ್ಕೆ ಹೋದ.

ಆ ಬೆನ್ನನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕೇಳುವುದಿಲ್ಲ ಎಂದು ಗೊತ್ತಿದ್ದದ್ದರಿಂದಲೇ ಧೈರ್ಯ ಬಂತು. “ಅವತ್ತು ನಾನು ಎದ್ದು ನಿಲ್ಲಬೇಕಾಗಿತ್ತು,” ಎಂದೆ. “ನಿಂಗೆ ಕೇಳಿಸಿಲ್ಲ ಅಂತ ನಂಗೆ ಗೊತ್ತಿತ್ತು. ದಾರಿ ಹೋಗಿದ್ದು ನಿನ್ನಿಂದಲ್ಲ, ನನ್ನಿಂದ.”

ಕೈ ನಿಂತಿತು. ಗೋಡೆಗೊರಗಿದ ಸೈಕಲ್ಲಿನ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಕನ್ನಡಿಯಲ್ಲಿ ಅವನು ನನ್ನ ತುಟಿಗಳನ್ನು ನೋಡುತ್ತಿದ್ದ.

ಮೆಲ್ಲಗೆ ತಿರುಗಿ ಕೂತ. ಬಾಯಿಂದ ಪೆನ್ಸಿಲ್ ತೆಗೆದು ಮಡಿಲಲ್ಲಿಟ್ಟ. ನಾನು ಹೂಂ ಎಂಬುದಕ್ಕೆ ಕಾಯುತ್ತಿದ್ದೆ. ಅವನು ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿ, ಅದನ್ನು ದೊನ್ನೆಯ ಹಾಗೆ ಮಡಿಸಿ, ಬೀದಿಗೆಲ್ಲ ಕಾಣುವಂತೆ ಕಿವಿಯ ಹಿಂದೆ ಇಟ್ಟುಕೊಂಡು, “ಕೇಳಿಸ್ಲಿಲ್ಲ ಕಣೋ,” ಅಂದ. “ಇನ್ನೊಂದ್ಸಲ ಹೇಳು.”